ಬಾನೆಟ್ ಎತ್ತುವ ಮೊದಲು ಕಿವಿ ಕೊಡಿ

ಕೀ ತಿರುಗಿಸಿದಾಗ ಗಾಡಿ ಎಂಥ ಸದ್ದು ಮಾಡಿತು? ಚಳಿಗಾಲದ ಬೆಳಿಗ್ಗೆ ಹಳೆಯ ಕಾರು ಸ್ಟಾರ್ಟ್ ಆಗದೆ ನಿಂತರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ನಮ್ಮಲ್ಲಿ ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಬ್ಯಾಟರಿ ಪೂರ್ತಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾರೆ, ಆಮೇಲೆ ನಾಲ್ಕು ಜನರನ್ನು ಕರೆದು ತಳ್ಳಿಸುತ್ತಾರೆ. ಹೇಗೋ ಸ್ಟಾರ್ಟ್ ಆದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಆಗದಿದ್ದರೆ ಹೊಸ ಬ್ಯಾಟರಿ ಬರುತ್ತದೆ, ಹೊಸ ಪ್ಲಗ್ ಬರುತ್ತದೆ, ಕಾರ್ಬೊರೇಟರ್ ಬಿಚ್ಚಿ ತೊಳೆಯುವುದೂ ಆಗುತ್ತದೆ. ದುಡ್ಡು ಖರ್ಚಾಗುತ್ತದೆ, ತೊಂದರೆ ಇದ್ದಲ್ಲೇ ಇರುತ್ತದೆ.

ಸದ್ದಿನಲ್ಲಿ ಮುಖ್ಯವಾಗಿ ಮೂರು ಬಗೆ. ಎಂಜಿನ್ ಎಳೆದೆಳೆದು, ಉಸಿರು ಕಟ್ಟಿದ ಹಾಗೆ ನಿಧಾನ ತಿರುಗಿದರೆ ಅಥವಾ ಬರೀ ‘ಟಕ್’ ಎಂದು ನಿಂತರೆ ತೊಂದರೆ ಇರುವುದು ಬ್ಯಾಟರಿ, ವೈರು, ಎಂಜಿನ್ ಆಯಿಲ್ ಈ ಮೂರರ ಕಡೆ. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಕಿಡಿ ಇಲ್ಲ, ಇಲ್ಲವೇ ಇಂಧನ ಇಲ್ಲ. ಒಮ್ಮೆ ಹತ್ತಿಕೊಂಡು, ಒಂದೆರಡು ಕಿಲೋಮೀಟರ್ ಓಡಿ ಆಮೇಲೆ ಮುಗ್ಗರಿಸಿದರೆ ಅದು ಬೇರೆಯದೇ ದಾರಿ. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಬಾನೆಟ್ ಎತ್ತುವ ಮೊದಲೇ ಮುಗಿದಂತೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಚಳಿ ಕಾರಿಗೆ ಚಳಿಯೇ ಅಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು 7.8 ಡಿಗ್ರಿ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮಲೆನಾಡಿನಲ್ಲಿ ಚಳಿಯ ಜೊತೆಗೆ ಮಂಜೂ ಸೇರಿಕೊಳ್ಳುತ್ತದೆ. ಆದರೆ ನಾವು ‘ನಮ್ಮ ದೇಶದ ಹಳೆಯ ಕಾರು’ ಎಂದುಕೊಳ್ಳುವ ಗಾಡಿಗಳ ಮೂಲ ನೋಡಿ. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100. ಮಾರುತಿ 800ರ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಜಪಾನಿನ ಸುಜುಕಿಯದು. ಮಹೀಂದ್ರಾ ಎಂಎಂ540 ಜೀಪಿನ ಡೀಸೆಲ್ ಎಂಜಿನ್ ಫ್ರಾನ್ಸಿನ ಪ್ಯೂಜೊ. ಎಲ್ಲವೂ ಹಿಮ ಬೀಳುವ ದೇಶಗಳಲ್ಲಿ ರೂಪುಗೊಂಡವು. ಸೊನ್ನೆಗಿಂತ ಕೆಳಗೆ ಸ್ಟಾರ್ಟ್ ಆಗಲೆಂದೇ ಮಾಡಿದ ಎಂಜಿನ್ ಮೂಡಿಗೆರೆಯ 13 ಡಿಗ್ರಿಗೆ ಮೊಂಡು ಹಿಡಿದರೆ ತಪ್ಪು ಚಳಿಯದ್ದಲ್ಲ. ಬೇಸಿಗೆಯಿಂದಲೇ ಒಳಗೆ ಕೂತಿದ್ದ ಯಾವುದೋ ಸಣ್ಣ ದೋಷವನ್ನು ಚಳಿ ಹೊರಗೆ ತಂದಿದೆ, ಅಷ್ಟೆ. ಆ ದೋಷವನ್ನು ಹುಡುಕಬೇಕು.

ನಿಧಾನ ತಿರುಗುವ ಎಂಜಿನ್

ಬ್ಯಾಟರಿಯ ಒಳಗೆ ನಡೆಯುವುದು ಸೀಸ ಮತ್ತು ಗಂಧಕಾಮ್ಲದ ನಡುವಿನ ರಾಸಾಯನಿಕ ಕ್ರಿಯೆ. ಉಷ್ಣಾಂಶ ಇಳಿದಂತೆ ಈ ಕ್ರಿಯೆ ನಿಧಾನವಾಗುತ್ತದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಬ್ಯಾಟರಿಯ ಶಕ್ತಿ ಅರ್ಧಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಬ್ಯಾಟರಿಯ ಮೇಲೆ ‘ಸಿಸಿಎ’ ಎಂದು ಬರೆದಿರುತ್ತದಲ್ಲ, ಅದು ಇದೇ 18 ಡಿಗ್ರಿ ಕೆಳಗಿನ ಲೆಕ್ಕ: ಆ ಚಳಿಯಲ್ಲಿ 30 ಸೆಕೆಂಡು ಕಾಲ, ವೋಲ್ಟೇಜ್ 7.2ಕ್ಕಿಂತ ಕೆಳಗಿಳಿಯದಂತೆ ಅದು ಕೊಡಬಲ್ಲ ಆಂಪಿಯರ್. ನಮ್ಮ ಊರುಗಳಲ್ಲಿ ಇಷ್ಟು ಕೆಟ್ಟ ಸ್ಥಿತಿ ಬರುವುದಿಲ್ಲ. ಆದರೂ ನಾಲ್ಕೈದು ವರ್ಷ ಹಳೆಯ ಬ್ಯಾಟರಿಗೆ 12 ಡಿಗ್ರಿಯೂ ಭಾರವಾಗುತ್ತದೆ. ಇಂಥ ಬ್ಯಾಟರಿ ಕೆಟ್ಟದ್ದು ಚಳಿಗಾಲದಲ್ಲಲ್ಲ, ಏಪ್ರಿಲ್–ಮೇ ತಿಂಗಳಲ್ಲಿ. ಬಾನೆಟ್ಟಿನೊಳಗಿನ ಸುಡುಬಿಸಿಗೆ ಪ್ಲೇಟುಗಳು ಸವೆದು, ನೀರು ಆವಿಯಾಗಿರುತ್ತದೆ. ಬೆಚ್ಚನೆಯ ದಿನಗಳಲ್ಲಿ ಹೇಗೋ ನಡೆದುಹೋಗುತ್ತಿದ್ದದ್ದು ಡಿಸೆಂಬರಿನಲ್ಲಿ ಬಯಲಾಗುತ್ತದೆ.

ಅಳೆಯದೆ ಬ್ಯಾಟರಿ ಬದಲಿಸಬೇಡಿ. ಮಲ್ಟಿಮೀಟರ್ ಈಗ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚು ಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಇಲ್ಲದಿದ್ದರೆ ದೋಷ ಬ್ಯಾಟರಿಯದ್ದಲ್ಲ, ಅದಕ್ಕೆ ಉಣಿಸುವ ಆಲ್ಟರ್ನೇಟರಿನದ್ದು, ಸಡಿಲಾದ ಫ್ಯಾನ್ ಬೆಲ್ಟಿನದ್ದು. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೆ ಮುಂದುಗಡೆಯಿಂದ ಕೀಚಲು ಸದ್ದು ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ಆ ಬೆಲ್ಟನ್ನು ಮೊದಲು ನೋಡಿ.

ಬ್ಯಾಟರಿ ಸರಿಯಿದ್ದೂ ಸೆಲ್ಫ್ ಎಳೆಯದಿದ್ದರೆ? ಹಳೆಯ ಗಾಡಿಗಳಲ್ಲಿ ಅತಿ ಹೆಚ್ಚು ಕಾಣುವ, ಅತಿ ಕಡಿಮೆ ಜನ ನೋಡುವ ಜಾಗ ಇದು. ಸೆಲ್ಫ್ ಮೋಟಾರು ಒಮ್ಮೆಗೇ 100ರಿಂದ 200 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದು ಓಮಿನ ನೂರನೇ ಒಂದು ಭಾಗದಷ್ಟು ತಡೆ ಇದೆಯೆನ್ನಿ. 150 ಆಂಪಿಯರಿಗೆ ಅಲ್ಲೇ 1.5 ವೋಲ್ಟ್ ಸೋರಿಹೋಯಿತು. ಟರ್ಮಿನಲ್ ಮೇಲೆ ಕೂತ ಬಿಳಿ–ಹಸಿರು ಪುಡಿ, ಕ್ಲಾಂಪಿನ ಒಳಮೈಗೆ ಹಿಡಿದ ಕಪ್ಪು ಪದರ ಇಷ್ಟಕ್ಕೆ ಧಾರಾಳ ಸಾಕು. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ಕ್ಲಾಂಪಿಗೆ ಮುಟ್ಟಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಎರಡೂ ಒಂದಕ್ಕೊಂದು ತಗುಲಿಕೊಂಡಿರುವುದರಿಂದ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ತೋರಿಸಿತೋ, ಅಲ್ಲೇ ಸಿಕ್ಕಿತು ಕಳ್ಳ. ನೆಗೆಟಿವ್ ಕಡೆಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಮರಳಿ ಹಾಕುವಾಗ ನೆಗೆಟಿವ್ ಕೊನೆಗೆ.

ಅಲ್ಲಿಗೂ ಮುಗಿಯದಿದ್ದರೆ ಅರ್ತ್ ಪಟ್ಟಿ ನೋಡಿ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ವರ್ಷಗಟ್ಟಲೆ ಎಣ್ಣೆ, ಕೆಸರು, ಅಲುಗಾಟ ತಿಂದು ಅದು ಎಳೆ ಎಳೆಯಾಗಿ ತುಂಡಾಗುತ್ತದೆ. ತುಂಡಾದ ಮೇಲೆ ಕರೆಂಟು ಬೇರೆ ದಾರಿ ಹುಡುಕಿಕೊಳ್ಳುತ್ತದೆ: ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿ. ಬಿಸಿ ತಗುಲಿದರೆ ಬೇರೆ ಪರೀಕ್ಷೆಯೇ ಬೇಡ, ಅರ್ತ್ ಹೋಗಿದೆ. ಚೋಕ್ ವೈರು ಪದೇ ಪದೇ ಸುಟ್ಟು ಬಿಗಿಯಾಗುತ್ತಿದೆ ಎಂದು ಅದನ್ನೇ ಮತ್ತೆ ಮತ್ತೆ ಬದಲಿಸಿದ ಗಾಡಿಗಳುಂಟು. ಬೇಕಾಗಿದ್ದದ್ದು ಒಂದಡಿ ತಾಮ್ರದ ಪಟ್ಟಿ ಮತ್ತು ಎರಡು ಬೋಲ್ಟ್.

ಎಂಜಿನ್ ಆಯಿಲ್ ವಿಷಯಕ್ಕೆ ಬರೋಣ. ಹಳೆಯ ಕಾರಿಗೆ ದಪ್ಪ ಆಯಿಲ್ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸವೆದ ಎಂಜಿನ್ ಹೊಗೆ ಬಿಡಬಾರದೆಂದು 20ಡಬ್ಲ್ಯು–50 ಹಾಕುತ್ತಾರೆ. ಡಬ್ಲ್ಯು ಎಂದರೆ ಚಳಿಗಾಲದ ಅಳತೆ. 20ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯುವನ್ನು 25 ಡಿಗ್ರಿ ಕೆಳಗೆ, 5ಡಬ್ಲ್ಯುವನ್ನು 30 ಡಿಗ್ರಿ ಕೆಳಗೆ. ಹೀಗಾಗಿ ಕರ್ನಾಟಕದಲ್ಲಿ 20ಡಬ್ಲ್ಯು ಕೂಡ ಹೆಪ್ಪುಗಟ್ಟುವ ಮಾತಿಲ್ಲ. ಆದರೆ ಬೆಳಿಗ್ಗೆ ಅದು ಮಧ್ಯಾಹ್ನಕ್ಕಿಂತ ಹಲವು ಪಟ್ಟು ಗಟ್ಟಿಯಾಗಿರುತ್ತದೆ, ದುರ್ಬಲ ಬ್ಯಾಟರಿಗೆ ಅಷ್ಟೇ ಹೊರೆ. ಕಂಪನಿಯ ಪುಸ್ತಕದಲ್ಲಿ 15ಡಬ್ಲ್ಯು–40 ಅಥವಾ 10ಡಬ್ಲ್ಯು–30ಕ್ಕೂ ಒಪ್ಪಿಗೆ ಇದ್ದರೆ ಚಳಿಗಾಲಕ್ಕೆ ಅದನ್ನೇ ಹಾಕುವುದು ಮೇಲು.

ತಿರುಗುತ್ತದೆ, ಹತ್ತುವುದಿಲ್ಲ

ಮಂಜು ಇಳಿಯುವ ಊರುಗಳಲ್ಲಿ ಪೆಟ್ರೋಲ್ ಗಾಡಿಯ ಮೊದಲ ಶತ್ರು ಚಳಿಗಿಂತ ತೇವ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ, ಪ್ಲಗ್ ವೈರುಗಳ ಮೇಲೆ ಬೆವರಿನಂತೆ ನೀರು ಕೂರುತ್ತದೆ. ಸಾವಿರಾರು ವೋಲ್ಟಿನ ಕರೆಂಟಿಗೆ ಪ್ಲಗ್ಗಿನ ಸಂದಿಯಲ್ಲಿ ಹಾರುವುದಕ್ಕಿಂತ ಈ ಒದ್ದೆ ಮೈಮೇಲೆ ಹರಿದುಹೋಗುವುದೇ ಸುಲಭ. ಇದನ್ನು ಕಣ್ಣಾರೆ ನೋಡಬಹುದು. ಬೆಳಕು ಹರಿಯುವ ಮೊದಲು, ಟಾರ್ಚ್ ಆರಿಸಿ, ಬಾನೆಟ್ ಎತ್ತಿ ನಿಂತು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಹಳೆಯ ವೈರು ಬಿರುಕು ಬಿಟ್ಟಿದ್ದರೆ ಅದರ ಉದ್ದಕ್ಕೂ ನೀಲಿ ಕಿಡಿಗಳು ತೆವಳುತ್ತವೆ. ಒಂದು ವೈರಿನಿಂದ ಇನ್ನೊಂದಕ್ಕೆ, ವೈರಿನಿಂದ ಎಂಜಿನ್ನಿನ ಮೈಗೆ ಚಟಚಟನೆ ಹಾರುತ್ತವೆ. ಹಗಲಿನಲ್ಲಿ ಎಷ್ಟೇ ಕಣ್ಣಗಲಿಸಿ ನೋಡಿದರೂ ಇದು ಕಾಣುವುದಿಲ್ಲ. ಕೈ ಮಾತ್ರ ಹತ್ತಿರ ಒಯ್ಯಬೇಡಿ. ಒಣಬಟ್ಟೆಯಲ್ಲಿ ಮುಚ್ಚಳದ ಒಳಹೊರಗನ್ನೂ ವೈರುಗಳನ್ನೂ ಒರೆಸಿದರೆ ಆ ದಿನಕ್ಕೆ ಗಾಡಿ ಹೊರಡುತ್ತದೆ. ಬಿರುಕು ಕಂಡ ವೈರನ್ನು ಬದಲಿಸಿದರೆ ಆ ವರ್ಷಕ್ಕೆ. ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟನ್ನೂ ನೋಡಬೇಕು: ಸುಟ್ಟ ಗುಳಿ ಬಿದ್ದಿದ್ದರೆ, ಸುಮಾರು 0.4 ಮಿಲಿಮೀಟರಿನ ಸಂದಿ ಮುಚ್ಚಿಕೊಂಡಿದ್ದರೆ ಕಿಡಿ ಸೊರಗುತ್ತದೆ. ಸೆಲ್ಫ್ ನಿಧಾನವಾಗಿರುವ ಗಾಡಿಯಲ್ಲಿ ಇದು ದುಪ್ಪಟ್ಟು ತೊಂದರೆ. ಸೆಲ್ಫ್ ಎಳೆದುಕೊಂಡು ಮಿಕ್ಕ ವೋಲ್ಟೇಜೇ ಕಾಯಿಲಿಗೂ ಹೋಗಬೇಕಲ್ಲ.

ಕಿಡಿ ಸರಿಯಿದ್ದರೆ ಪೆಟ್ರೋಲಿನ ಕಡೆ ತಿರುಗಿ. ಪೆಟ್ರೋಲ್ ದ್ರವವಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ತಣ್ಣನೆಯ ಮ್ಯಾನಿಫೋಲ್ಡಿನಲ್ಲಿ ಅರ್ಧ ಪೆಟ್ರೋಲ್ ಗೋಡೆಗೆ ಹನಿಯಾಗಿ ಅಂಟಿಕೊಂಡೇ ಉಳಿಯುತ್ತದೆ. ಆ ಕೊರತೆ ತುಂಬಲೆಂದೇ ಚೋಕ್ ಇರುವುದು. ನಾಬ್ ಎಳೆದಾಗ ಕಾರ್ಬೊರೇಟರಿನ ಬಾಯಲ್ಲಿರುವ ತಗಡಿನ ಬಾಗಿಲು ಮುಚ್ಚಿ, ಗಾಳಿ ಕಡಿಮೆಯಾಗಿ, ಪೆಟ್ರೋಲ್ ಹೆಚ್ಚು ಬರಬೇಕು. ಎಳೆದರೆ ನಿಜಕ್ಕೂ ಮುಚ್ಚುತ್ತದೆಯೇ? ಏರ್ ಕ್ಲೀನರಿನ ಮುಚ್ಚಳ ತೆಗೆದು ನೋಡಿ. ಕೇಬಲ್ ಜಗ್ಗಿ ಬಾಗಿಲು ಮುಕ್ಕಾಲಿಗೇ ನಿಂತಿರುವುದು ಹಳೆಯ ಗಾಡಿಗಳಲ್ಲಿ ತೀರಾ ಸಾಮಾನ್ಯ. ಒಂದು ಸ್ಕ್ರೂ ಸಡಿಲಿಸಿ ಕೇಬಲ್ ಎಳೆದು ಬಿಗಿದರೆ ಮುಗಿಯಿತು.

ಚೋಕ್ ಎಳೆದ ಮೇಲೆ ಆಕ್ಸಿಲರೇಟರ್ ತುಳಿಯುತ್ತಲೇ ಇರುವ ಅಭ್ಯಾಸ ಬಿಡಬೇಕು. ಪ್ರತಿ ತುಳಿತಕ್ಕೂ ಕಾರ್ಬೊರೇಟರಿನ ಪಂಪು ಒಂದು ಚಿಮ್ಮು ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ತೊಯ್ದುಹೋಗುತ್ತದೆ. ಘಾಟು ವಾಸನೆ ಬಂದರೆ ಓವರ್‌ಫ್ಲೋ ಆಗಿದೆ ಎಂದೇ ಅರ್ಥ. ಆಗ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಒಂದೇ ಸಲ ಕೊನೆಯ ತನಕ ತುಳಿದು ಹಾಗೇ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಹೆಚ್ಚಿನ ಪೆಟ್ರೋಲನ್ನು ಒಯ್ಯುತ್ತದೆ. ಸ್ಟಾರ್ಟ್ ಆದ ಮೇಲೆ ಚೋಕನ್ನು ಮರೆತು ಹತ್ತಾರು ಮೈಲಿ ಓಡಿಸುವವರೂ ಇದ್ದಾರೆ. ಆ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಆಯಿಲ್ ಚೇಂಬರಿಗೆ ಇಳಿಯುತ್ತದೆ. ಎಂಜಿನ್ನಿಗೆ ಇದಕ್ಕಿಂತ ದೊಡ್ಡ ಕೇಡು ಬೇರಿಲ್ಲ.

ಈಚೆಗೆ ಬೆಳಿಗ್ಗೆ ಗಾಡಿ ಹತ್ತದಿರುವುದಕ್ಕೆ ಇನ್ನೊಂದು ಕಾರಣ ಸೇರಿದೆ. 2025ರಿಂದ ದೇಶದ ಬಂಕುಗಳಲ್ಲಿ ಬಹುಪಾಲು ಸಿಗುತ್ತಿರುವುದು ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು; ಎಥೆನಾಲಿಗೆ 9 ಕಿಲೋ ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಿಳಿದು ಹೆಚ್ಚು ಇಂಧನ ಬಿಡುತ್ತದೆ. ಹಳೆಯ ಕಾರ್ಬೊರೇಟರಿನ ಹಿತ್ತಾಳೆ ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ, ಹೀಗಾಗಿ ಮಿಶ್ರಣ ತೆಳುವಾಗುತ್ತದೆ. ಅದರ ಮೇಲೆ ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು–ಎಥೆನಾಲ್ ಬೇರೆಯಾಗಿ ಕೂರಬಹುದು. ಕಾರನ್ನು ಪ್ರೀತಿಯಿಂದ ಇಟ್ಟುಕೊಂಡು ಅಪರೂಪಕ್ಕೆ ಹೊರತೆಗೆಯುವವರಿಗೇ ಇದರ ಪೆಟ್ಟು ಹೆಚ್ಚು, ಅದು ಅನ್ಯಾಯವೇ. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿಸಬೇಡಿ. ರಬ್ಬರ್ ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿ.

ಜೀಪಿನ ಹೊಗೆ ಹೇಳುವುದು

ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಹಳೆಯ ಡೀಸೆಲ್ ಜೀಪುಗಳಿಗೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನಷ್ಟು ಒತ್ತಿ, ಆ ಒತ್ತಡದ ಬಿಸಿಯಲ್ಲೇ ಡೀಸೆಲ್ ಹತ್ತಿಕೊಳ್ಳಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಆ ಬಿಸಿಯನ್ನು ಲೋಹವೇ ನುಂಗಿಬಿಡುತ್ತದೆ. ಅದಕ್ಕೇ ಪ್ಯೂಜೊ ಎಂಜಿನ್ನಿನ ಜೀಪಿನಲ್ಲಿ ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ ಇರುವುದು.

ಇಲ್ಲಿ ಕಿವಿಯ ಜೊತೆ ಕಣ್ಣೂ ಬೇಕು. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿದೆಯೇ? ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ಹೋಗುತ್ತಿಲ್ಲ. ಏರ್ ಲಾಕ್ ಇರಬಹುದು, ಫಿಲ್ಟರ್ ಕಟ್ಟಿರಬಹುದು. ಸ್ಟಾರ್ಟ್ ಆಗಿ ಮೊದಲ ಒಂದೆರಡು ನಿಮಿಷ ಮಿಸ್ಸಿಂಗ್ ಹೊಡೆಯುತ್ತ ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಯಾದರೆ ನಾಲ್ಕರಲ್ಲಿ ಒಂದೋ ಎರಡೋ ಪ್ಲಗ್ ಸತ್ತಿವೆ. ವೈರು ಬಿಚ್ಚಿ ಮೀಟರಿನಲ್ಲಿ ಅಳೆದರೆ ಒಳ್ಳೆಯ ಪ್ಲಗ್ ಒಂದು ಓಮಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ.

ರಾತ್ರಿ ನಿಂತ ಜೀಪಿಗೆ ಬೆಳಿಗ್ಗೆ ಮಾತ್ರ ಏರ್ ಲಾಕ್ ಆಗುವುದಕ್ಕೂ ಕಾರಣವಿದೆ. ಹಳೆಯ ರಬ್ಬರ್ ಪೈಪ್ ಚಳಿಗೆ ಕಲ್ಲಾಗಿ ಕ್ಲಿಪ್ಪಿನ ಅಡಿಯಲ್ಲಿ ಕುಗ್ಗುತ್ತದೆ. ಆ ಕೂದಲೆಳೆಯ ಸಂದಿಯಿಂದ ಗಾಳಿ ಒಳಗೆ ಹೋಗಿ ಡೀಸೆಲ್ ಟ್ಯಾಂಕಿಗೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕೈಪಂಪು ಒತ್ತಿ ಗಾಳಿ ತೆಗೆಯುವುದು ಅಂದಿನ ಪರಿಹಾರ, ಪೈಪ್ ಬದಲಿಸುವುದು ಶಾಶ್ವತ ಪರಿಹಾರ.

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರಿನ ಬಾಯಿಗೆ ಹಿಡಿದು ಸ್ಟಾರ್ಟ್ ಮಾಡುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಹೀಟರ್ ಪ್ಲಗ್ ಕೆಂಪಗೆ ಕಾದಿರುವಾಗ ಪೆಟ್ರೋಲಿನ ಆವಿಯೋ, ಈಥರ್ ಸ್ಪ್ರೇಯೋ ಒಳಗೆ ಹೋದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಪಿಸ್ಟನ್ನಿನ ರಿಂಗ್ ಮುರಿಯುತ್ತದೆ, ಬೆಂಕಿ ಮುಖಕ್ಕೇ ಹಿಂದಿರುಗಬಹುದು.

ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಬ್ರೇಕ್ ಬಿಟ್ಟು, ಎರಡನೇ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವ ಮಲೆನಾಡಿನ ಉಪಾಯ ಮಾತ್ರ ಒಳ್ಳೆಯದೇ. ಯಾಂತ್ರಿಕ ಪಂಪಿನ ಡೀಸೆಲ್ ಜೀಪಿಗೆ, ಕಾರ್ಬೊರೇಟರಿನ ಕಾರಿಗೆ ಇದು ಸಲ್ಲುತ್ತದೆ, ಏಕೆಂದರೆ ಅವಕ್ಕೆ ಬೇಕಾದ ಕರೆಂಟು ತೀರ ಅಲ್ಪ. ಬ್ಯಾಟರಿ ಪೂರ್ತಿ ಸತ್ತ ಎಂಪಿಎಫ್ಐ (ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್) ಗಾಡಿಗೆ ಇದು ಫಲಿಸುವುದಿಲ್ಲ: ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕೇ ಬೇಕು.

ಎಸೆದುಬಿಟ್ಟ ಥರ್ಮೋಸ್ಟಾಟ್

ಮೂರನೆಯ ಬಗೆಗೆ ಬರೋಣ: ಹೊರಟ ಮೇಲೆ ಮುಗ್ಗರಿಸುವ ಗಾಡಿ. ಊಟಿಯ ಮಂಜಿನಲ್ಲಿ, ಚಾರ್ಮಾಡಿಯ ತಿರುವುಗಳಲ್ಲಿ ಕಾರ್ಬೊರೇಟರ್ ಕಾರು ಹತ್ತು ನಿಮಿಷ ಚೆನ್ನಾಗಿ ಓಡಿ ಮೆಲ್ಲಗೆ ಪುಲಿಂಗ್ ಕಳೆದುಕೊಂಡು, ಐಡ್ಲಿಂಗ್ ನಿಲ್ಲದೆ ಆಫ್ ಆಗುತ್ತದೆ. ರಸ್ತೆ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಕಾದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕಿನಲ್ಲಿ ಕಸ ಇದೆಯೆಂದು ಟ್ಯಾಂಕ್ ಬಿಚ್ಚಿಸುವವರೇ ಹೆಚ್ಚು. ನಿಜವಾದ ಕಾರಣ ಮಂಜುಗಡ್ಡೆ ಇರಬಹುದು. ಪೆಟ್ರೋಲ್ ಆವಿಯಾಗುವಾಗ ಕಾರ್ಬೊರೇಟರಿನ ಗಂಟಲಿನ ಶಾಖವನ್ನು ಹೀರಿ ಅಲ್ಲಿನ ಉಷ್ಣಾಂಶವನ್ನು ಇಪ್ಪತ್ತು ಡಿಗ್ರಿಯಷ್ಟು ಇಳಿಸಬಲ್ಲದು. ಹೊರಗೆ 8 ಡಿಗ್ರಿ ಇದ್ದು ಗಾಳಿ ತುಂಬ ತೇವ ಇದ್ದರೆ ಒಳಗೆ ಸೊನ್ನೆಗಿಂತ ಕೆಳಗೆ; ಥ್ರಾಟಲ್ ಬಾಗಿಲಿನ ಅಂಚಿಗೆ ಹಿಮ ಕಟ್ಟುತ್ತದೆ. ನಿಂತ ಮೇಲೆ ಎಂಜಿನ್ನಿನ ಬಿಸಿ ಮೇಲೇರಿ ಅದು ಕರಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ. ಒಣಚಳಿಯ ಬೀದರಿನಲ್ಲಿ ಇದು ಅಪರೂಪ, ಮಂಜಿನ ನೀಲಗಿರಿಯಲ್ಲಿ ಸಹಜ. ಇದನ್ನು ತಡೆಯಲೆಂದೇ ಹಲವು ಹಳೆಯ ಕಾರುಗಳಲ್ಲಿ ಏರ್ ಕ್ಲೀನರಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬಳಿಯಿಂದ ಬಿಸಿಗಾಳಿ ತರುವ ಕೊಳವೆ ಕೊಟ್ಟಿರುತ್ತಾರೆ. ಅದು ಹರಿದಾಗ ಬದಲಿಸದೆ ಕಿತ್ತು ಎಸೆದಿರುತ್ತಾರೆ.

ಹೀಗೆ ಕಿತ್ತು ಎಸೆಯುವುದರಲ್ಲಿ ನನಗೆ ಅತ್ಯಂತ ನೋವಿನ ವಿಷಯ ಥರ್ಮೋಸ್ಟಾಟ್. ಬೇಸಿಗೆಯಲ್ಲಿ ಎಂಜಿನ್ ಹೀಟ್ ಆಯಿತೆಂದು ಗ್ಯಾರೇಜಿಗೆ ಹೋದರೆ ಮೊದಲು ಮಾಡುವ ಕೆಲಸ ಅದನ್ನು ಬಿಚ್ಚಿಹಾಕುವುದು. ‘ನಮ್ಮ ಹವೆಗೆ ಇದು ಬೇಡ’ ಎಂಬ ಮಾತು ಎಷ್ಟು ಗ್ಯಾರೇಜುಗಳಲ್ಲಿ ಕೇಳಿಬರುತ್ತದೋ! ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಪುಟ್ಟ ಕವಾಟ. ನೀರು ಸುಮಾರು 82ರಿಂದ 88 ಡಿಗ್ರಿ ಮುಟ್ಟುವ ತನಕ ರೇಡಿಯೇಟರಿನ ದಾರಿ ಮುಚ್ಚಿಟ್ಟು ಎಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ಅದಿಲ್ಲದ ಎಂಜಿನ್ ಚಳಿಯ ಬೆಳಿಗ್ಗೆ ಬಿಸಿಯಾಗುವುದೇ ಇಲ್ಲ. ಘಾಟಿ ಇಳಿಯುವಾಗ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತದೆ. ಚೋಕ್ ತಳ್ಳಿದರೆ ಆಫ್, ತಳ್ಳದಿದ್ದರೆ ಪೆಟ್ರೋಲ್ ನಷ್ಟ. ಎಂಜಿನ್ನಿನೊಳಗೆ ಹುಟ್ಟುವ ನೀರಾವಿ ಹೊರಗೆ ಹೋಗದೆ ಆಯಿಲಿನಲ್ಲಿ ಬೆರೆತು ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕಟ್ಟುತ್ತದೆ. ಅದನ್ನು ನೋಡಿ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಎಂದು ಎಂಜಿನ್ ಬಿಚ್ಚಿಸಬೇಡಿ. ರೇಡಿಯೇಟರ್ ನೀರು ಕಡಿಮೆಯಾಗುತ್ತಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲಾಗಿಲ್ಲ ಎಂದರೆ ಅದು ಬಿಸಿಯಾಗದ ಎಂಜಿನ್ನಿನ ಗುರುತು.

ಥರ್ಮೋಸ್ಟಾಟ್ ಇದೆಯೋ ಇಲ್ಲವೋ ತಿಳಿಯಲು ಏನೂ ಬಿಚ್ಚಬೇಕಿಲ್ಲ. ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಹಿಡಿಯಿರಿ. ಕೆಲವು ನಿಮಿಷ ತಣ್ಣಗೇ ಇದ್ದು ಒಮ್ಮೆಗೇ ಬಿಸಿಯಾದರೆ ಅದಿದೆ, ಕೆಲಸವನ್ನೂ ಮಾಡುತ್ತಿದೆ. ಮೊದಲಿನಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಫ್ಯಾನಿನಿಂದ ಕೈ ದೂರವಿರಲಿ. ಬಿಚ್ಚಿ ತೆಗೆದದ್ದನ್ನು ಪರೀಕ್ಷಿಸಲು ಪಾತ್ರೆಯಲ್ಲಿ ನೀರಿಟ್ಟು ದಾರದಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ: ನೀರು ಕುದಿಯುವ ಮೊದಲೇ ಕವಾಟ ಬಾಯಿ ತೆರೆಯಬೇಕು, ಆರಿದಾಗ ಮುಚ್ಚಬೇಕು. ಬೇಸಿಗೆಯಲ್ಲಿ ಹೀಟ್ ಆಗುವುದಕ್ಕೆ ಕಟ್ಟಿದ ರೇಡಿಯೇಟರ್, ಸವೆದ ವಾಟರ್ ಪಂಪ್, ಸಡಿಲ ಬೆಲ್ಟ್ ಕಾರಣವಾಗಿದ್ದರೆ ಅವನ್ನೇ ಸರಿಮಾಡಬೇಕು.

ನೀರು ಕಲ್ಲಾಗುವ ಕಡೆ

ಇಷ್ಟೂ ನಮ್ಮ ಊರುಗಳ ಮಾತು. ಜನವರಿಯಲ್ಲಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಮಾಮೂಲಾಗಿರುವ ಲೇಹ್‌ನಲ್ಲಿ, ಸ್ಪಿತಿಯ ಕಾಝಾದಲ್ಲಿ ಲೆಕ್ಕವೇ ಬೇರೆ. ಬೆಂಗಳೂರಿನಿಂದ ಹಳೆಯ ಜಿಪ್ಸಿ, ಜೀಪು ತೆಗೆದುಕೊಂಡು ಆ ಕಡೆ ಹೋಗುವ ಹುಡುಗರು ಈಗ ಬಹಳ. ಅವರಿಗೆ ಎರಡು ವಿಷಯ ಗೊತ್ತಿರಲೇಬೇಕು.

ಒಂದು, ನೀರು. ಹೆಪ್ಪುಗಟ್ಟುವಾಗ ನೀರು ಶೇ 9ರಷ್ಟು ಹಿಗ್ಗುತ್ತದೆ. ಎರಕದ ಕಬ್ಬಿಣದ ಎಂಜಿನ್ ಬ್ಲಾಕನ್ನೂ ಸೀಳಬಲ್ಲದು. ನಮ್ಮ ಊರಿನಲ್ಲಿ ವರ್ಷವಿಡೀ ಬರೀ ನಲ್ಲಿನೀರು ತುಂಬಿ ಓಡಿಸಿದ ರೇಡಿಯೇಟರಿನೊಂದಿಗೆ ಅಲ್ಲಿಗೆ ಹೋಗಲಾಗದು. ಕೂಲೆಂಟ್ ಮತ್ತು ನೀರು ಸಮಪಾಲು ಬೆರೆಸಿದರೆ ಸುಮಾರು 37 ಡಿಗ್ರಿ ಕೆಳಗಿನ ತನಕ ಹೆಪ್ಪುಗಟ್ಟುವುದಿಲ್ಲ. ಕೂಲೆಂಟ್ ಇಲ್ಲದ ಕಾಲದಲ್ಲಿ ಆ ಕಡೆಯ ಚಾಲಕರು ರಾತ್ರಿ ನೀರು ಇಳಿಸಿಬಿಡುತ್ತಿದ್ದರು. ಇಳಿಸುವಾಗ ರೇಡಿಯೇಟರಿನ ತಿರುಪು ಮಾತ್ರ ಬಿಚ್ಚಿದರೆ ಸಾಲದು, ಎಂಜಿನ್ ಬ್ಲಾಕಿನ ತಿರುಪನ್ನೂ ಬಿಚ್ಚಬೇಕು.

ಇನ್ನೊಂದು, ಡೀಸೆಲ್. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಡೀಸೆಲಿನಲ್ಲಿರುವ ಮೇಣ ಹರಳುಗಟ್ಟುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಹರಿಯುತ್ತಿರುವಾಗಲೇ ಫಿಲ್ಟರಿನ ಕಾಗದಕ್ಕೆ ಮೇಣ ಮೆತ್ತಿಕೊಂಡು ದಾರಿ ಕಟ್ಟುತ್ತದೆ. ಬಯಲಿನಲ್ಲಿ ತುಂಬಿಸಿದ ಟ್ಯಾಂಕಿನೊಂದಿಗೆ ಸಂಜೆ ಮೇಲೇರಿದವರಿಗೆ ಬೆಳಿಗ್ಗೆ ಇದರ ಅನುಭವವಾಗುತ್ತದೆ. ಲಡಾಖಿಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಗಟ್ಟಿಯಾಗದ ಚಳಿಗಾಲದ ಡೀಸೆಲ್ ತಂದಿತು. ಮೇಲೆ ಹೋದಕೂಡಲೆ ಅದನ್ನೇ ತುಂಬಿಸಬೇಕು. ಸೀಮೆಎಣ್ಣೆ ಬೆರೆಸುವ ಹಳೆಯ ರೂಢಿಯಿಂದ ಮೇಣ ಕಟ್ಟುವುದು ತಡವಾಗುತ್ತದೆ, ನಿಜ. ಆದರೆ ಡೀಸೆಲ್ಲಿನ ಜಿಡ್ಡನ್ನೇ ನಂಬಿ ತಿರುಗುವ ಪಂಪು ಒಳಗಿಂದ ಸವೆಯುತ್ತದೆ. ಅಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಡಲೂ ಬಾರದು. ಒದ್ದೆ ಬ್ರೇಕ್ ಲೈನಿಂಗ್ ಡ್ರಮ್ಮಿಗೆ ಹಿಮದಲ್ಲಿ ಅಂಟಿಕೊಳ್ಳುತ್ತದೆ; ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು.

ಅಮೆರಿಕದ ಮಿನೆಸೋಟ, ಕೆನಡಾದ ವಿನಿಪೆಗ್ ಕಡೆ ಓದಲು ಹೋಗಿ ಹತ್ತು ವರ್ಷ ಹಳೆಯ ಕಾರು ಕೊಳ್ಳುವ ನಮ್ಮ ಮಕ್ಕಳು ಕಾರಿನ ಮುಂಭಾಗದಿಂದ ಪ್ಲಗ್ ಸಮೇತ ವೈರೊಂದು ಜೋತಾಡುವುದನ್ನು ನೋಡಿ ಬೆರಗಾಗುತ್ತಾರೆ. ಅದು ರಾತ್ರಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಎಂಜಿನ್ ಬೆಚ್ಚಗಿಡುವ ಹೀಟರ್. ಉತ್ತರ ಡಕೋಟದ ಆಂಡ್ರ್ಯೂ ಫ್ರೀಮನ್ ಎಂಬಾತ 1949ರಲ್ಲಿ ಅಂಥದ್ದಕ್ಕೆ ಪೇಟೆಂಟ್ ಪಡೆದ. ಹಳೆಯ ಕಾರು ಕೊಳ್ಳುವಾಗ ಈ ವೈರು ಇದೆಯೇ, ಕೆಲಸ ಮಾಡುತ್ತದೆಯೇ ಎಂದು ನೋಡುವುದು ಅಲ್ಲಿ ಮೈಲೇಜ್ ಕೇಳಿದಷ್ಟೇ ಮುಖ್ಯ.

ಗ್ಯಾರೇಜಿಗೆ ಹೋಗುವಾಗ

ಚಳಿಯ ದೋಷಗಳ ದೊಡ್ಡ ಕಷ್ಟವೆಂದರೆ ಮೆಕ್ಯಾನಿಕ್ ನೋಡುವಾಗ ಅವು ಇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಮೊಂಡು ಹಿಡಿದ ಗಾಡಿ ಹತ್ತೂವರೆಗೆ ಗ್ಯಾರೇಜ್ ತಲುಪುವಷ್ಟರಲ್ಲಿ ಬಿಸಿಯಾಗಿರುತ್ತದೆ, ಮಂಜು ಆರಿರುತ್ತದೆ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಆಗ ಮೆಕ್ಯಾನಿಕ್ ಊಹೆಯ ಮೇಲೆ ಏನನ್ನೋ ಬದಲಿಸುತ್ತಾನೆ; ಅವನನ್ನು ದೂರಿ ಫಲವಿಲ್ಲ. ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬಯಲಲ್ಲೇ ನಿಲ್ಲಿಸಲು, ಬೆಳಿಗ್ಗೆ ಅವನೇ ಮೊದಲ ಸಲ ಕೀ ತಿರುಗಿಸಲು ಹೇಳಿ.

ಮೂಡಿಗೆರೆ ಕಡೆಯ ಗ್ಯಾರೇಜೊಂದರಲ್ಲಿ, ಜೀಪುಗಳ ನಡುವೆಯೇ ತಲೆ ಹಣ್ಣಾದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋಟದವರೊಬ್ಬರು, ‘ಅಣ್ಣಾ, ಸೆಲ್ಫ್ ಮೋಟ್ರು ಹೋಗಿದೆ, ಹೊಸದು ಹಾಕಿಬಿಡಿ’ ಎನ್ನುತ್ತಿದ್ದರು. ‘ಗೌಡ್ರೇ, ಪಾರ್ಟಿನ ಹೆಸ್ರು ನನಗೆ ಬಿಡಿ. ಗಾಡಿ ಏನು ಮಾಡ್ತು ಅಂತ ಹೇಳಿ. ಟಕ್ ಅಂತೋ, ಎಳೀತೋ? ಹೊಗೆ ಬಂತೋ? ಮಧ್ಯಾಹ್ನಾನೂ ಹಾಗೇ ಮಾಡುತ್ತೋ, ಬೆಳಿಗ್ಗೆ ಮಾತ್ರಾನೋ?’ ಎಂದರು ಅವರು, ಕೈ ಒರೆಸಿಕೊಳ್ಳುತ್ತ. ಗೌಡರು ಸ್ವಲ್ಪ ಯೋಚಿಸಿ, ‘ಬೆಳಿಗ್ಗೆ ಮಾತ್ರ. ಎಳೀತದೆ. ಮಧ್ಯಾಹ್ನ ಏನೂ ಇಲ್ಲ’ ಎಂದರು. ಹಿರಿಯರು ಸೆಲ್ಫ್ ಮೋಟಾರಿನ ಕಡೆ ನೋಡಲೇ ಇಲ್ಲ. 13 ನಂಬರಿನ ಸ್ಪ್ಯಾನರ್ ಎತ್ತಿಕೊಂಡು ಜೀಪಿನ ಅಡಿಗೆ ನುಗ್ಗಿ, ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚತೊಡಗಿದರು.